ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನವೃತ್ತಾಂತ

ನಮ್ಮ ಧಾರವಾಡ ಸೀಮೆಯಲ್ಲಿ ಕಸೂತಿಯ ಹೆಸರನ್ನು ಕೇಳದವರು ಇಲ್ಲ. ಮಧ್ಯಾಹ್ನದ ಅಡಿಗೆ ಮುಗಿದು, ಪಾತ್ರೆಗಳನ್ನು ತೊಳೆದಿಟ್ಟು, ಪಡಸಾಲೆಯ ಬೆಳಕಿನಲ್ಲಿ ಕೂತು ಸೀರೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಎಣಿಸಿ ಸೂಜಿ ಹಾಕುವ ತಾಯಂದಿರನ್ನೂ ಅಕ್ಕಂದಿರನ್ನೂ ನಾವು ಚಿಕ್ಕಂದಿನಿಂದ ನೋಡುತ್ತಾ ಬಂದವರು. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ನೂಲಿಗೆ ಗಂಟು ಹಾಕುವ ಹಾಗೂ ಇಲ್ಲ. ಗವಂತಿ, ಮುರಗಿ, ನೇಗಿ, ಮೆಂಥಿ ಎಂಬ ನಾಲ್ಕೇ ಹೊಲಿಗೆಗಳಿಂದ ಗೋಪುರವನ್ನೂ ತೇರನ್ನೂ ಆನೆಯ ಅಂಬಾರಿಯನ್ನೂ ನವಿಲನ್ನೂ ಎಬ್ಬಿಸಬೇಕು. ಒಳ್ಳೇ ಕೈಯವಳು ಗವಂತಿಯನ್ನು ಹಾಕಿದರೆ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲಾಗದು. ಒಂದು ಎಳೆಯ ಲೆಕ್ಕ ತಪ್ಪಿದರೆ ಹಾಕಿದ್ದನ್ನೆಲ್ಲಾ ಬಿಚ್ಚಬೇಕಾಗುವದು. ಇಷ್ಟು ಕಣ್ಣು ಸವೆಸುವ ಕೆಲಸಕ್ಕೆ ಆ ಸ್ತ್ರೀಯ ಕೈಗೆ ಬರುವ ಕೂಲಿ ಎಷ್ಟೆಂಬದನ್ನು ನಮ್ಮ ಓದುಗರು ಬಲ್ಲರು. ಅದೇ ಸೀರೆಯು ದೂರದ ಪಟ್ಟಣದ ಅಂಗಡಿಯಲ್ಲಿ ಯಾವ ಬೆಲೆಗೆ ಮಾರುವದೆಂಬದನ್ನು ಮಾತ್ರ ಅದನ್ನು ಹಾಕಿದವಳು ಕಾಣಳು.

ಹಾಕಿದವಳಿಗೂ ಕೊಳ್ಳುವವಳಿಗೂ ನಡುವಿನ ಈ ಕಂದಕವನ್ನು ಮುಚ್ಚುವದಕ್ಕಾಗಿ ತನ್ನ ಆಯುಷ್ಯದ ಕಡೇ ನಾಲ್ವತ್ತು ವರುಷಗಳನ್ನು ಕೊಟ್ಟ ಒಬ್ಬ ಕನ್ನಡನಾಡಿನ ಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ಹೇಳಬೇಕೆಂದಿದ್ದೇವೆ. ಆಕೆಯು ನಮ್ಮ ಸಭೆಗಳಿಗೆ ಸೇರಿದವಳಲ್ಲ. ಆದರೂ ಆಕೆಯ ಕೆಲಸವು ನಮ್ಮ ಹಳ್ಳಿಗಳ ಮನೆಬಾಗಿಲನ್ನು ಮುಟ್ಟುವಂಥದ್ದಾದದರಿಂದ ಅದನ್ನು ತಿಳಿಯುವದು ಒಳ್ಳೇದು.

ಕಮಲಾದೇವಿಯವರು 1903ನೇ ಇಸವಿ ಎಪ್ರಿಲ್ ತಿಂಗಳ 3ನೇ ತಾರೀಕಿನಲ್ಲಿ ಮಂಗಳೂರಲ್ಲಿ ಒಂದು ಸಾರಸ್ವತ ಮನೆತನದಲ್ಲಿ ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದಲ್ಲಿ ಕಲೆಕ್ಟರರಾಗಿದ್ದರು. ತಾಯಿ ಗಿರಿಜಾಬಾಯಿಯವರು ಮನೆಯಲ್ಲೇ ಕಲಿತು ಬಹಳ ಓದಿದವರು. ಆ ಕಾಲದ ಮಂಗಳೂರನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಬಾಸೆಲ್ ಮಿಶನಿನ ನೇಯಿಗೆಯ ಕಾರಖಾನೆಯೂ, 1865ರಲ್ಲಿ ಪ್ಲೆಬ್ಸ್ಟ್ ದೊರೆಗಳು ಆರಂಭಿಸಿದ ಹಂಚಿನ ಕಾರಖಾನೆಯೂ ಅಲ್ಲಿಯೇ ಇದ್ದವು. 1851ರಲ್ಲಿ ಬಂದ ಹಾಲರ್ ದೊರೆಗಳು ಖಾಕಿ ಬಣ್ಣವನ್ನು ಬಟ್ಟೆಗೆ ಹತ್ತಿಸಿದ್ದೂ ಅಲ್ಲಿಯೇ. ಮಿಶನರಿಗಳಿಗೆ ವ್ಯಾಪಾರದ ಆಶೆ ಇದ್ದದರಿಂದ ಈ ಕಾರಖಾನೆಗಳು ಹುಟ್ಟಲಿಲ್ಲ. ಹೊಸದಾಗಿ ಸಭೆಗೆ ಸೇರಿದವರನ್ನು ಅವರ ಕುಲದವರು ಹೊರಗೆ ಹಾಕಿದಾಗ ಹೊಲವೂ ಕಸುಬೂ ಒಟ್ಟಿಗೇ ಕೈಬಿಟ್ಟು ಹೋಗುತ್ತಿದ್ದವು. ಹೊಟ್ಟೆಗೆ ದಾರಿ ಇಲ್ಲದವನಿಗೆ ಬರಿಯ ಬೋಧನೆ ಸಾಲದೆಂಬದು ಬೇಗನೆ ತಿಳಿಯಿತು. ಕೈಯಲ್ಲಿ ಕೆಲಸವಿಲ್ಲದವನಿಗೆ ಊರಲ್ಲಿ ನಿಲುವಿಲ್ಲ ಎಂಬ ಈ ಪಾಠವನ್ನು ನಮ್ಮ ಸಭೆಗಳು ಹೀಗೆ ಕಲಿತವು. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಹುಟ್ಟಿದ ಹುಡುಗಿಯು ಅದನ್ನು ಬೇರೊಂದು ಬಗೆಯಿಂದ ಕಲಿಯಬೇಕಾಯಿತು.

ಕಮಲಾದೇವಿಯವರಿಗೆ ಏಳು ವರುಷವಾಗಿರುವಾಗ ತಂದೆಯು ತೀರಿಹೋದರು. ಅವರಿಗೆ ಬಹಳ ಆಸ್ತಿ ಇದ್ದಿತು. ಆದರೆ ಮರಣಪತ್ರವನ್ನು ಬರೆದಿಟ್ಟಿರಲಿಲ್ಲ. ಆ ದಿವಸಗಳ ಕಾಯಿದೆಯ ಪ್ರಕಾರ ಮನೆ, ಭೂಮಿ, ಹಣ ಎಲ್ಲವೂ ಮೊದಲನೇ ಹೆಂಡತಿಯ ಮಗನಿಗೆ ಸೇರಿದವು. ಗಿರಿಜಾಬಾಯಿಯವರಿಗೂ ಹೆಣ್ಣುಮಕ್ಕಳಿಗೂ ದೊರೆತದ್ದು ತಿಂಗಳಿಗೆ ಇಷ್ಟೆಂದು ಕೊಡುವ ಒಂದು ಜೀವನಾಂಶ ಮಾತ್ರ. ಆ ತಾಯಿಯು ಅದನ್ನು ಮುಟ್ಟಲಿಲ್ಲ. ತವರಿನಿಂದ ಬಂದ ಸ್ವಂತ ಆಸ್ತಿಯಿಂದಲೇ ಮಕ್ಕಳನ್ನು ಸಾಕುವೆನೆಂದು ನಿಶ್ಚೈಸಿ ಹಾಗೆಯೇ ನಡೆಸಿದರು. ನಿನ್ನೆಯ ವರೆಗೆ ಕಲೆಕ್ಟರರ ಮನೆಯ ಯಜಮಾನಿಯಾಗಿದ್ದವಳು ಒಂದು ದಿನದಲ್ಲಿ ಇನ್ನೊಬ್ಬರ ಕೈ ನೋಡಬೇಕಾದವಳಾದದ್ದನ್ನು ಕಂಡ ಮಗಳು ಅದನ್ನು ಸಾಯುವ ತನಕ ಮರೆಯಲಿಲ್ಲ. ಸ್ತ್ರೀಯ ಸಂಪಾದನೆಯು ಸ್ತ್ರೀಯ ಕೈಗೇ ಬರಬೇಕೆಂದು ಅವರು ಮುಂದೆ ಹಟ ಹಿಡಿದದ್ದರ ಬೇರು ಇಲ್ಲಿಯೇ ಇರುವದೆಂದು ನಮಗೆ ತೋರುತ್ತದೆ.

ತಾಯಿಯ ಸಹೋದರರ ಮನೆಯಲ್ಲಿ ದೊಡ್ಡ ದೊಡ್ಡ ಸುಧಾರಕರು ಬಂದು ಹೋಗುತ್ತಿದ್ದರು. ನಮ್ಮ ಓದುಗರಿಗೆ ಪರಿಚಿತರಾದ ಪಂಡಿತಾ ರಮಾಬಾಯಿಯವರ ಹೆಸರೂ ಆ ಅತಿಥಿಗಳಲ್ಲಿ ಬರುತ್ತದೆ. ಕೇಡಗಾಂವದ ಮುಕ್ತಿ ಮಿಶನಿನಲ್ಲಿ ಆ ತಾಯಿಯು ಅನಾಥರಾದ ವಿಧವೆಯರಿಗೆ ಓದನ್ನು ಮಾತ್ರ ಕಲಿಸದೆ ನೇಯಿಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿಸಿದ್ದನ್ನು ಇಲ್ಲಿ ನೆನಸಿಕೊಳ್ಳಬಹುದು.

1917ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಕಮಲಾದೇವಿಯವರಿಗೆ ಕೃಷ್ಣರಾಯರೆಂಬವರ ಸಂಗಡ ಮದುವೆಯಾಯಿತು. ಎರಡೇ ವರುಷಗಳಲ್ಲಿ ಗಂಡನು ಸತ್ತನು. ಅಂಥ ಹುಡುಗಿಯ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುವದು ಆಗಿನ ವಾಡಿಕೆ. ಗಿರಿಜಾಬಾಯಿಯವರು ಅದಕ್ಕೆ ಒಪ್ಪದೆ ಮಗಳನ್ನು ಶಾಲೆಗೆ ಕಳುಹಿಸಿದರು. ಮುಂದೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೂ ಕಳುಹಿಸಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮನಾದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ಮದುವೆಯಾದರು. ವಿಧವೆಯು ಮದುವೆಯಾದಳು, ಅದೂ ಬೇರೆ ಭಾಷೆಯವನನ್ನು, ಎಂದು ಸ್ವಜನರು ಬಹಳ ದೂಷಿಸಿದರು. ಈ ದಾಂಪತ್ಯವು ಕಡೇ ತನಕ ನಿಲ್ಲಲಿಲ್ಲ. ಒಬ್ಬ ಮಗನು ಹುಟ್ಟಿದ ಮೇಲೆ ಕೆಲವು ವರುಷಗಳಲ್ಲಿ ಇಬ್ಬರೂ ಬೇರೆಯಾದರು. ಅವರು ನಾಟಕಗಳಲ್ಲಿಯೂ, 1931ರಲ್ಲಿ ಕನ್ನಡನಾಡಿನ ಒಂದು ಮೂಕಚಿತ್ರದಲ್ಲಿಯೂ ಅಭಿನಯಿಸಿದರು. ನಮ್ಮ ಹಳ್ಳಿಯ ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವದು ಚರಿತ್ರೆಗಾರನ ಕೆಲಸವಾದದರಿಂದ ಬರೆದಿದ್ದೇವೆ.

ಇಂಗ್ಲಂಡಿನಲ್ಲಿ ಕೆಲವು ಕಾಲ ಸಮಾಜಶಾಸ್ತ್ರವನ್ನು ಓದಿ ಅವರು 1923ರಲ್ಲಿ ತಿರಿಗಿ ಬಂದು ಗಾಂಧಿಯವರ ಚಳವಳಿಯಲ್ಲಿ ಸೇರಿದರು. ಆ ವರುಷವೇ ಡಾಕ್ಟರ್ ಹರ್ಡೀಕರರು ಸ್ಥಾಪಿಸಿದ ಸೇವಾದಳಕ್ಕೆ ನಮ್ಮ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಅದರ ಸ್ತ್ರೀವಿಭಾಗದ ಭಾರವು ಕಮಲಾದೇವಿಯವರ ಮೇಲೆ ಬಿತ್ತು. 1926ರಲ್ಲಿ ಮದ್ರಾಸು ವಿಧಾನಸಭೆಯ ಚುನಾವಣೆಗೆ ನಿಂತು ಅತ್ಯಲ್ಪ ಮತಗಳಿಂದ ಸೋತರು. ಮರು ವರುಷ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಲನದ ಕಾರ್ಯದರ್ಶಿಯಾಗಿ ದೇಶವನ್ನೆಲ್ಲಾ ಸುತ್ತಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧಿಯವರನ್ನು ಒಪ್ಪಿಸಿದವರಲ್ಲಿ ಅವರು ಒಬ್ಬರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಮಾರಿ ಸೆರೆಮನೆಗೂ ಹೋದರು. ಆ ಕಾಲದ ರಾಜಕೀಯದ ಕಥೆಯನ್ನು ಬೇರೆಯವರು ವಿಸ್ತಾರವಾಗಿ ಬರೆದಿದ್ದಾರೆ. ನಮಗೆ ಬೇಕಾದದ್ದು ಅದರ ನಂತರದ್ದು.

1947ರಲ್ಲಿ ಸ್ವಾತಂತ್ರ್ಯವು ಬಂದಾಗ ಕಮಲಾದೇವಿಯವರಿಗೆ ನಾಲ್ವತ್ತನಾಲ್ಕು ವರುಷ. ಅವರ ಸಂಗಡ ಸೆರೆವಾಸ ಅನುಭವಿಸಿದವರು ಒಬ್ಬೊಬ್ಬರಾಗಿ ಮಂತ್ರಿಗಳಾದರು, ರಾಜ್ಯಪಾಲರಾದರು. ಅವರು ಅಂಥ ಪದವಿಯನ್ನು ಹಿಡಿಯದೆ ದೇಶದ ವಿಭಜನೆಯಿಂದ ಮನೆಮಾರು ಕಳಕೊಂಡು ಬಂದವರ ಗುಡಾರಗಳಿಗೆ ಹೋದರು. ದಿಲ್ಲಿಯ ಸುತ್ತಲೂ ಅಂಥವರು ಲಕ್ಷಗಟ್ಟಲೆ ಇದ್ದರು. ದಿನವೂ ರೊಟ್ಟಿ ಹಂಚಿಸಿಕೊಂಡು ಕೂತ ಮನುಷ್ಯನು ಬಹುಕಾಲ ಮನುಷ್ಯನಾಗಿ ಉಳಿಯನೆಂಬದನ್ನು ಅವರು ಅಲ್ಲಿ ಕಂಡರು. ಆದದರಿಂದ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಸರಕಾರದ ಮುಂದೆ ಕೈಯೊಡ್ಡಬಾರದೆಂಬ ಷರತ್ತಿನ ಮೇಲೆ ಗಾಂಧಿಯವರು ಈ ಆಲೋಚನೆಗೆ ಒಪ್ಪಿಗೆ ಕೊಟ್ಟಿದ್ದರೆಂದು ಹೇಳುತ್ತಾರೆ. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನರು ಫರೀದಾಬಾದಿನಲ್ಲಿ ಒಂದು ಹೊಸ ಊರನ್ನು ಕಟ್ಟಿಕೊಂಡು ನೆಲೆಯಾದದ್ದು ಈ ಪ್ರಯತ್ನದ ಫಲ.

ಸಹಕಾರವೆಂಬದು ನಮ್ಮ ಜನರಿಗೆ ಹೊಸದಲ್ಲ. ಹಿಂದುಸ್ಥಾನದ ಮೊದಲನೇ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದ್ದು, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದರ ಸ್ಥಾಪಕರು. ಬಿತ್ತುವ ಕಾಲಕ್ಕೆ ಸಾಹುಕಾರನ ಬಡ್ಡಿಗೆ ಕೊರಳು ಕೊಡುತ್ತಿದ್ದ ಒಕ್ಕಲಿಗನಿಗೆ ಆ ಸಂಘವು ಏನು ಮಾಡಿತೋ ಅದನ್ನೇ ಕೈಕೆಲಸದ ಸ್ತ್ರೀಗೂ ಮಾಡಬೇಕೆಂದು ಕಮಲಾದೇವಿಯವರು ಎಣಿಸಿದರು. ಹೇಗೆಂದರೆ ಮನೆಯಲ್ಲಿ ಕೂತು ಕೆಲಸಮಾಡುವ ಸ್ತ್ರೀಗೆ ನಷ್ಟವು ಒಂದೇ ಬಾಗಿಲಿನಿಂದ ಬರುವದಿಲ್ಲ. ಬಟ್ಟೆಯೂ ನೂಲೂ ದಲ್ಲಾಳಿಯವು. ಅವನು ಕೊಟ್ಟರೆ ಕೆಲಸ, ಕೊಡದಿದ್ದರೆ ಇಲ್ಲ. ಕೂಲಿಯನ್ನು ಗೊತ್ತುಮಾಡುವವನೂ, ಕೆಲಸದಲ್ಲಿ ಕುಂದು ಹಿಡಿದು ಅದನ್ನು ಕಡಿಮೆ ಮಾಡುವವನೂ ಅವನೇ. ನಡುವೆ ಮಗುವಿಗೆ ಜ್ವರ ಬಂದು ಮುಂಗಡ ಕೇಳಿದರೆ ಮುಂದಿನ ಮೂರು ಸೀರೆಗಳ ಕೂಲಿ ಆಗಲೇ ಹೋದಂತೆ. ಇದೆಲ್ಲಾ ಆದ ಮೇಲೂ ಆಕೆಯು ಊರು ಬಿಟ್ಟು ಹೋಗಿ ಕೊಳ್ಳುವವರನ್ನು ಹುಡುಕುವ ಹಾಗಿಲ್ಲ. ಹತ್ತಿಪ್ಪತ್ತು ಸ್ತ್ರೀಯರು ಪಾಲು ಹಾಕಿ ಒಂದು ಸಂಘವಾದರೆ ನೂಲನ್ನು ಸಗಟು ದರಕ್ಕೆ ತರಬಹುದು, ಕೂಲಿಯನ್ನು ತಾವೇ ಕೂತು ಗೊತ್ತುಮಾಡಬಹುದು, ಮಾರಿದ ಲಾಭವನ್ನು ತಾವೇ ಹಂಚಿಕೊಳ್ಳಬಹುದು. ಆದರೆ ಮಾರುವದೆಲ್ಲಿ? ಸಂಘಗಳು ಬಹಳ ಕಡೆಗಳಲ್ಲಿ ಮುರಿದು ಬೀಳುವದು ಈ ಒಂದು ಪ್ರಶ್ನೆಯ ಮೇಲೆಯೇ. ನಮ್ಮ ಕಡೆಯಲ್ಲಿಯೂ ಹಾಗೆ ಬಾಗಿಲು ಮುಚ್ಚಿದ ಹೊಲಿಗೆಯ ಸಂಘಗಳನ್ನು ನಾವು ಕಂಡಿದ್ದೇವೆ. ತುಂಬಿದ ಪೆಟ್ಟಿಗೆಗಳಿದ್ದವು, ಕೊಳ್ಳುವವರಿರಲಿಲ್ಲ.

ಇದನ್ನು ತಿಳಿದೇ ಕಮಲಾದೇವಿಯವರು ಅಂಗಡಿಯ ಕಡೆಗೆ ತಿರುಗಿದರು. ದಿಲ್ಲಿಯಲ್ಲಿ ಸರಕಾರದ ಗುಡಿಕೈಗಾರಿಕೆಯ ದೊಡ್ಡ ಮಳಿಗೆಯೊಂದು ಇದ್ದಿತು. 1952ರಲ್ಲಿ ಅದರ ಆಡಳಿತವು ಅವರ ಸಹಕಾರಿ ಸಂಸ್ಥೆಯ ಕೈಗೆ ಬಂತು. ಅದೇ ವರುಷ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪಿತವಾಗಿ ಅದರ ಅಧ್ಯಕ್ಷತೆಯೂ ಅವರಿಗೇ ದೊರೆಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರುಷ ಅವರು ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಲೇ ಇದ್ದರು. ಕುಂಬಾರನ ಅಂಗಳದಲ್ಲಿ, ನೇಕಾರನ ಮಗ್ಗದ ಕುಣಿಯ ಬಳಿಯಲ್ಲಿ, ಚಾಪೆ ಹೆಣೆಯುವವರ ಗುಡಿಸಲಿನಲ್ಲಿ ನೆಲದ ಮೇಲೆಯೇ ಕೂತು ಕೆಲಸವನ್ನು ನೋಡುವದು ಅವರ ರೂಢಿ. ಯಾವ ಬಣ್ಣ ಯಾವ ಬೇರಿನಿಂದ ಬರುತ್ತದೆ, ಯಾವ ನಮೂನೆ ಯಾವ ಮನೆತನದ್ದು, ಈಗ ಅದನ್ನು ಬಲ್ಲವರು ಎಷ್ಟು ಮಂದಿ ಬದುಕಿದ್ದಾರೆ ಎಂಬದನ್ನೆಲ್ಲಾ ವಿಚಾರಿಸಿ ಬರಕೊಳ್ಳುತ್ತಿದ್ದರು. ನೇಕಾರರು ಅವರನ್ನು ಕೈಮಗ್ಗದ ತಾಯಿ ಎಂದು ಕರೆಯುತ್ತಿದ್ದರು. ತಾವು ಉಡುತ್ತಿದ್ದದ್ದೂ ಕೈಮಗ್ಗದ ಸೀರೆಗಳನ್ನೇ.

ಬೆಂಗಳೂರನ್ನೂ ಸೇರಿಸಿ ದೇಶದ ನಾಲ್ಕು ಕಡೆಗಳಲ್ಲಿ ನಮೂನೆಗಳನ್ನು ಸಿದ್ಧಮಾಡುವ ಕೇಂದ್ರಗಳು ಆಗ ಏರ್ಪಟ್ಟವು. ಇವುಗಳ ವಿಷಯದಲ್ಲಿ ಜಾಣರಲ್ಲಿ ಎರಡು ಅಭಿಪ್ರಾಯಗಳಿವೆ. ಪಟ್ಟಣದ ಚಿತ್ರಗಾರನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಹಳ್ಳಿಯವಳು ಹಾಕತೊಡಗಿದರೆ ಅವಳ ತಲೆಯಲ್ಲಿದ್ದ ನಮೂನೆಗಳು ಅಳಿದುಹೋಗುವವು ಎಂದು ಕೆಲವರು ಅನ್ನುವರು. ಅದರಲ್ಲಿ ಸತ್ಯವಿದೆ. ಆದರೆ ಹದಿನೆಂಟು ಮೊಳದ ಸೀರೆ ಉಡುವವರು ಕಡಿಮೆಯಾದ ಕಾಲದಲ್ಲಿ ಕಸೂತಿಯು ಸೆರಗಿನಿಂದ ಇಳಿದು ಮೇಜುಬಟ್ಟೆಗೂ ದಿಂಬಿಗೂ ಚೀಲಕ್ಕೂ ಬಾರದೆ ಹೋಗಿದ್ದರೆ ಹಾಕುವವಳ ಒಲೆಯೇ ಆರಿಹೋಗುತ್ತಿತ್ತು ಎಂಬದೂ ಸತ್ಯ. ನಾವಂತೂ ಒಲೆಯ ಪಕ್ಷದವರು. ಕಮಲಾದೇವಿಯವರು ಎರಡನ್ನೂ ಹಿಡಿಯಬೇಕೆಂದಿದ್ದರು: ನಮೂನೆಯು ಕೆಡಬಾರದು, ಕೂಲಿಯೂ ನಿಲ್ಲಬಾರದು. ಕೆಲಸವನ್ನು ಅಗ್ಗ ಮಾಡಿ ಬಹಳ ಮಾರುವದಕ್ಕಿಂತ ಚೆನ್ನಾಗಿ ಮಾಡಿ ಸರಿಯಾದ ಬೆಲೆಗೆ ಮಾರುವದೇ ಮೇಲೆಂದು ಅವರ ಮತ. ಒಳ್ಳೇ ಕೈಯುಳ್ಳವರಿಗೆ ರಾಷ್ಟ್ರದ ಬಹುಮಾನಗಳನ್ನು ಕೊಡುವ ಪದ್ಧತಿಯೂ ಅವರ ಕಾಲದಲ್ಲಿ ಬಂತು. ಮಗ್ಗದ ಮುಂದೆ ಮುದುಕನಾದವನನ್ನು ದಿಲ್ಲಿಗೆ ಕರಿಸಿ ಎಲ್ಲರೆದುರಿಗೆ ಸನ್ಮಾನಿಸುವದು ಅದಕ್ಕೆ ಮುಂಚೆ ಯಾರಿಗೂ ಹೊಳೆದಿರಲಿಲ್ಲ.

ಇಷ್ಟರಲ್ಲಿ ಸಮುದ್ರದಾಚೆಯಲ್ಲಿಯೂ ಇಂಥ ಕೆಲಸವು ಮೊಳೆಯುತ್ತಿತ್ತು. ಅಮೇರಿಕದಲ್ಲಿ ಮೆನ್ನೊನೈಟ್ ಸಭೆಗೆ ಸೇರಿದ ಎಡ್ನಾ ರೂತ್ ಬೈಲರ್ ಎಂಬ ಸ್ತ್ರೀಯು 1946ರಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಹೋಗಿದ್ದಾಗ, ಅಲ್ಲಿಯ ಬಡ ಸ್ತ್ರೀಯರು ನಾರುಬಟ್ಟೆಯ ಮೇಲೆ ಹಾಕುತ್ತಿದ್ದ ಸೂಜಿಕೆಲಸವನ್ನು ಕಂಡರು. ಅದನ್ನು ಕೊಂಡು ತಂದು ತಮ್ಮ ಮೋಟಾರಿನಲ್ಲಿ ಇಟ್ಟುಕೊಂಡು ನೆರೆಹೊರೆಯವರಿಗೂ ಸಭೆಯ ಸ್ತ್ರೀಯರಿಗೂ ಮಾರಿ ಹಣವನ್ನು ಹಾಕಿದವರಿಗೇ ಮುಟ್ಟಿಸಿದರು. ಆ ಸಣ್ಣ ಆರಂಭದಿಂದಲೂ ಅಂಥ ಇತರ ಪ್ರಯತ್ನಗಳಿಂದಲೂ ನ್ಯಾಯವಾದ ವ್ಯಾಪಾರ ಎಂಬ ದೊಡ್ಡ ಚಳವಳಿಯೇ ಬೆಳೆಯಿತು. ನಮ್ಮ ಹಳ್ಳಿಗಳಲ್ಲಿ ನ್ಯಾಯಬೆಲೆ ಎಂದರೆ ಅಕ್ಕಿ ಗೋದಿ ಕೊಡುವ ರೇಶನ್ ಅಂಗಡಿಯೇ ಮನಸ್ಸಿಗೆ ಬರುತ್ತದೆ. ಅಲ್ಲಿ ನ್ಯಾಯವು ಕೊಳ್ಳುವವನಿಗೆ, ಇಲ್ಲಿ ಮಾಡಿದವಳಿಗೆ. ಬೆಲೆಯನ್ನು ಮುಂಚಿತವಾಗಿ ಒಪ್ಪಿಕೊಳ್ಳುವದು, ಸಾಮಾನಿಗಾಗಿ ಮುಂಗಡ ಕೊಡುವದು, ವರುಷ ವರುಷವೂ ಕೆಲಸ ತಪ್ಪದ ಹಾಗೆ ನೋಡುವದು ಇದರ ಮುಖ್ಯ ನಿಯಮಗಳು. ನಮ್ಮ ರಾಜ್ಯದಲ್ಲಿಯೇ ಸಂಡೂರಿನ ಲಂಬಾಣಿ ಸ್ತ್ರೀಯರು ಕುಶಲಕಲಾ ಕೇಂದ್ರದ ಮೂಲಕ ತಮ್ಮ ಕನ್ನಡಿ ಕವಡೆಗಳ ಕೆಲಸವನ್ನು ಹೊರದೇಶಗಳ ವರೆಗೆ ಮುಟ್ಟಿಸಿದ್ದಾರೆ. ಕಲಘಟಗಿಯ ಕಡೆಯ ತಾಂಡಾಗಳಲ್ಲಿರುವ ನಮ್ಮ ಓದುಗರಿಗೆ ಆ ಕೆಲಸದ ಪರಿಚಯವನ್ನು ಹೇಳಬೇಕಾಗಿಲ್ಲ.

1964ರಲ್ಲಿ ನ್ಯೂಯಾರ್ಕಿನಲ್ಲಿ ಲೋಕದ ಕರಕುಶಲಗಾರರ ಪರಿಷತ್ತು ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಕಮಲಾದೇವಿಯವರೂ ಇದ್ದರು. ಭಾರತದ ಕರಕುಶಲ ಪರಿಷತ್ತೂ ಅದೇ ವರುಷದ್ದು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂತು. ಸರಕಾರವು 1955ರಲ್ಲಿ ಪದ್ಮಭೂಷಣವನ್ನೂ 1987ರಲ್ಲಿ ಪದ್ಮವಿಭೂಷಣವನ್ನೂ ಕೊಟ್ಟಿತು.

ಅವರ ಕೆಲಸದಲ್ಲಿ ಕೊರತೆ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಸಹಕಾರಿ ಸಂಘಗಳ ಕೈಯಲ್ಲಿ ಇರಬೇಕೆಂದು ಅವರು ಬಯಸಿದ ವ್ಯಾಪಾರವು ಕ್ರಮೇಣ ಸರಕಾರದ ನಿಗಮಗಳ ಕೈಗೆ ಹೋಯಿತು. ನಿಗಮವೆಂದ ಮೇಲೆ ಕಾಗದಪತ್ರಗಳು. ಕಾಗದ ಬರೆಯಲಾರದ ಸ್ತ್ರೀಯ ಹಾಗೂ ನಿಗಮದ ನಡುವೆ ಹಳೇ ದಲ್ಲಾಳಿಯು ಹೊಸ ಅಂಗಿ ತೊಟ್ಟು ನಿಂತದ್ದೂ ಉಂಟು. ಮೇಲಾಗಿ ಅವರ ಹೆಸರು ದಿಲ್ಲಿಯಲ್ಲಿಯೂ ಮದ್ರಾಸಿನಲ್ಲಿಯೂ ಪ್ರಸಿದ್ಧವಾದಷ್ಟು ತಾವು ಹುಟ್ಟಿದ ಕನ್ನಡನಾಡಿನ ಹಳ್ಳಿಗಳಲ್ಲಿ ಪ್ರಸಿದ್ಧವಾಗಲಿಲ್ಲ. ಅವರಿಗೆ ಅದರ ಚಿಂತೆ ಇದ್ದಂತೆ ಕಾಣುವದಿಲ್ಲ. ಮುಪ್ಪಿನಲ್ಲಿ ಕೂಡಾ ಪ್ರಯಾಣವನ್ನು ಬಿಡದೆ, ನೆಲಹಾಸುಗಳ ವಿಷಯವಾಗಿ, ಸೂಜಿಕೆಲಸದ ವಿಷಯವಾಗಿ, ಒಟ್ಟು ಕೈಕಸುಬುಗಳ ವಿಷಯವಾಗಿ ಒಂದಾದ ಮೇಲೊಂದು ಪುಸ್ತಕಗಳನ್ನು ಬರೆದರು. 1986ರಲ್ಲಿ ತಮ್ಮ ಜೀವನಚರಿತ್ರೆಯನ್ನೂ ಪ್ರಕಟಿಸಿದರು. 1988ನೇ ಇಸವಿ ಅಕ್ಟೋಬರ್ 29ನೇ ತಾರೀಕಿನಲ್ಲಿ, ಎಂಭತ್ತೈದು ವರುಷ ತುಂಬಿದವರಾಗಿ, ಮುಂಬಯಿಯಲ್ಲಿ ತೀರಿಕೊಂಡರು. ಅವರು ನಡೆಸಿದ ಕರಕುಶಲ ಮಂಡಳಿಯನ್ನು ಸರಕಾರವು 2020ರಲ್ಲಿ ರದ್ದುಮಾಡಿತು.

ಕೈಕೆಲಸಕ್ಕೆ ಅದರ ಊರಿನ ಹೆಸರನ್ನು ಕಾಯಿದೆಯಿಂದ ಕಟ್ಟಿಕೊಡುವ ಏರ್ಪಾಡು ಅವರ ಮರಣದ ನಂತರ ಬಂದದ್ದು. ನಮ್ಮ ಕಸೂತಿಗೂ ಈ ಗುರುತು ದೊರೆತಿದೆ. ನವಲಗುಂದದ ಜಮಖಾನೆಗೆ 2011ರಲ್ಲಿ ದೊರೆಯಿತು. ಆ ಜಮಖಾನೆಗಳನ್ನು ನೇಯುವವರು ಸ್ತ್ರೀಯರು ಮಾತ್ರ. ಆದಿಲಶಾಹಿಯ ಕಾಲದಲ್ಲಿ ವಿಜಾಪುರದಿಂದ ಬಂದು ನೆಲೆಸಿದ ಮುಸಲ್ಮಾನ ಮನೆತನಗಳವರು ಅವರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಹತ್ತಿಯ ಬಣ್ಣದ ನೂಲನ್ನು ಬೆರಳಿನಿಂದ ತೂರಿಸಿ, ಕಬ್ಬಿಣದ ಪಂಜದಿಂದ ಬಡಿದು ಬಡಿದು ಬಿಗಿಮಾಡುತ್ತಾರೆ. ನವಿಲೂ ಪಗಡೆಯ ಹಾಸೂ ಅವರ ಹೆಸರಾದ ನಮೂನೆಗಳು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಹೋಗುವದೆಂದು ಹಿಂದೆ ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಈಗ ಮಗಳಿಗೂ ಬೇಡ, ಸೊಸೆಗೂ ಬೇಡ ಎಂಬ ಹಾಗಾಗಿದೆ. ಯಾಕಂದರೆ ದಿನವೆಲ್ಲಾ ಪಂಜ ಬಡಿದು ದೊರೆಯುವ ಹಣಕ್ಕಿಂತ ಹೊಲದ ಕೂಲಿಯೇ ಹೆಚ್ಚು. ಯಂತ್ರದಲ್ಲಿ ಅಚ್ಚುಹಾಕಿದ ಕಸೂತಿಯ ಸೀರೆಯು ಪೇಟೆಯಲ್ಲಿ ಕೈಕಸೂತಿಯ ಪಕ್ಕದಲ್ಲಿಯೇ ಅಗ್ಗವಾಗಿ ತೂಗಾಡುತ್ತಿದೆ. ಕೊಳ್ಳುವವರು ಬಟ್ಟೆಯನ್ನು ಮಗುಚಿ ಒಳಮೈಯನ್ನು ನೋಡುವದು ಅಪರೂಪ. ನವಲಗುಂದದಲ್ಲಿ ಮಗ್ಗವು ಇನ್ನೂ ನಿಂತಿರುವ ಮನೆಗಳು ಕೆಲವೇ. ಅಲ್ಲಿಯ ಹಿರಿಯ ಸ್ತ್ರೀಯರು ನಮೂನೆಯ ಕಾಗದವಿಲ್ಲದೆ, ಎಳೆಯ ಲೆಕ್ಕವನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಪಗಡೆಯ ಮನೆಗಳನ್ನು ಕೂಡಿಸುತ್ತಾರೆ.